ಹೆಡೆ ಕಳ್ಳಿಗೆ ಎರೆದ ತನಿ

ಮುಳ್ಳಿನ ಗಿಡವೊಂದರ ಮೇಲೆ ಮನಸ್ಸಿಟ್ಟಿದ್ದೇನೆ ಎಂದು ಹೇಳಿಕೊಳ್ಳಲು ಮಧುಗಿರಿಯ ಹೆಂಗಸಿಗೆ ಸ್ವಲ್ಪ ಧೈರ್ಯ ಬೇಕು. ನಮ್ಮ ಕಡೆ ಮುಳ್ಳನ್ನು ಯಾರೂ ಸಾಕುವುದಿಲ್ಲ, ಅದು ತಾನೇ ಬೆಳೆಯುತ್ತದೆ. ಬೇಲಿಯಲ್ಲಿ, ಕೆರೆಯಂಗಳದಲ್ಲಿ, ಬೆಟ್ಟದ ಬುಡದಲ್ಲಿ, ಎಲ್ಲಿ ನೋಡಿದರೂ ಜಾಲಿ ಮತ್ತು ಕಳ್ಳಿ. ಅಂಥ ಊರಿಗೆ ನಾನು ಶಿರಾದಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಟವೆಲ್ ಹಾಸಿಕೊಂಡು, ಒಂದು ಕಳ್ಳಿ ಗಿಡವನ್ನು ಕೂಸಿನ ಹಾಗೆ ಹಿಡಿದು ತಂದೆ. ಕಂಡಕ್ಟರು ಗಿಡ ನೋಡಿದರು, ನನ್ನ ಮುಖ ನೋಡಿದರು, ಏನೂ ಕೇಳದೆ ಮುಂದೆ ಹೋದರು. ಅದನ್ನೂ ದೇವರ ದಯೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಕೊಟ್ಟವರು ನೂರ್‌ಜಾನಕ್ಕ. ಹಿಂದೆ ಹೊಲಿಗೆ ತರಬೇತಿಯಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದವರು. ಈಗ ಶಿರಾದ ತಮ್ಮ ಮನೆಯ ತಾರಸಿಯ ತುಂಬ ಕಳ್ಳಿ ಬೆಳೆಸಿದ್ದಾರೆ. ಬೇರೆ ಕಳ್ಳಿಗಳೆಲ್ಲ ಕಂಬದಂತೆ ನೆಟ್ಟಗೆ ಹೋದರೆ ಇದೊಂದು ಮಾತ್ರ ಬೀಸಣಿಗೆಯಂತೆ ಅಗಲಕ್ಕೆ ಹರಡಿ, ಅಂಚಿನಲ್ಲಿ ಹೊಸ ಸೀರೆಯ ನೆರಿಗೆ ಹಿಡಿದಂತೆ ಅಲೆಯಲೆಯಾಗಿ ನಿಂತಿತ್ತು. ಸಾಮಾನ್ಯವಾಗಿ ಕಳ್ಳಿಯ ನೆತ್ತಿಯಲ್ಲಿ ಬೆಳೆಯುವ ಚುಕ್ಕಿ ಒಂದೇ ಇರುತ್ತದಂತೆ. ಅಪರೂಪಕ್ಕೆ ಯಾವುದೋ ಒಂದು ಗಿಡದಲ್ಲಿ ಆ ಚುಕ್ಕಿ ಎಳೆದುಕೊಂಡು ಗೆರೆಯಾಗಿಬಿಡುತ್ತದಂತೆ. ದಿನಾ ಬೆಳಿಗ್ಗೆ ರಂಗೋಲಿ ಹಾಕುವವಳಿಗೆ ಚುಕ್ಕಿ ಗೆರೆಯಾಗುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಅದಕ್ಕೆ ತಲೆ ಯಾವ ಕಡೆ ಅಂತ ಮರ್ತೋಗಿದೆ ಕಣಮ್ಮ, ನಮ್ ಥರಾನೇ" ಎಂದು ನಕ್ಕರು ನೂರ್‌ಜಾನಕ್ಕ. ನಾನೂ ನಕ್ಕೆ. ನೆಟ್ಟಗೆ ಓದಿ ಟೀಚರಾಗಬೇಕೆಂದಿದ್ದವಳು ಅಡುಗೆಮನೆ, ಹಿತ್ತಿಲು, ದೇವರಮನೆ ಎಂದು ಅಗಲಕ್ಕೆ ಹರಡಿಕೊಂಡವಳು ನಾನೂ ತಾನೆ.

ಆರೈಕೆ ಎಂದರೆ ಹೆಚ್ಚೇನಿಲ್ಲ. ದಪ್ಪ ಮರಳು, ಇಟ್ಟಿಗೆ ಚೂರು, ಒಂದು ಹಿಡಿ ಹಳೇ ಗೊಬ್ಬರ. ಬೆಳಗಿನ ಬಿಸಿಲು. ಮಳೆ ಬಂದರೆ ಸೂರಿನ ಕೆಳಗೆ. ಕಷ್ಟವಿರುವುದು ನೀರಿನ ವಿಷಯದಲ್ಲಿ. "ನೀರ್ ಹಾಕ್ಬೇಕು ಅನ್ಸಿದ್ರೆ ಮೂರ್ ದಿನ ತಡ್ಕೊ. ನಾಕನೇ ದಿನಾನೂ ಅಂಗೇ ಅನ್ಸಿದ್ರೆ, ಆ ನೀರ್ ನೀನೇ ಕುಡಿ" ಎಂದು ಹೇಳಿ ಕಳಿಸಿದ್ದರು. ಅನ್ನ ಇಕ್ಕುವಾಗ ಸಾಕು ಎಂದವರಿಗೂ ಇನ್ನೊಂದು ಸೌಟು ಬಡಿಸಿಯೇ ಅಭ್ಯಾಸವಾದ ಕೈಗೆ ಇದಕ್ಕಿಂತ ದೊಡ್ಡ ವ್ರತವಿಲ್ಲ.

ನಮ್ಮತ್ತೆಗೆ ಗಿಡ ಮೊದಲು ಹಿಡಿಸಲಿಲ್ಲ. "ದುಡ್ಡಿಲ್ದೆ ಸಿಗೋ ಮುಳ್ಳ ಶಿರಾದಿಂದ ಹೊತ್ಕಂಡ್ ಬಂದವ್ಳೆ. ಮನೆ ಮುಂದೆ ಮುಳ್ಳಿಕ್ಕಿದ್ರೆ ಜಗಳ ಆಯ್ತವೆ ಕಣಮ್ಮಿ" ಎಂದರು. ಅದರ ಬಗ್ಗೆಯೇ ನಾವಿಬ್ಬರೂ ಎರಡು ದಿನ ಜಗಳವಾಡಿದ್ದರಿಂದ ಅವರ ಮಾತು ಸುಳ್ಳೆನ್ನುವಂತೆಯೂ ಇರಲಿಲ್ಲ. ಮೂರನೆಯ ದಿನ ಸಂಜೆ ಇಳಿಬಿಸಿಲಿನಲ್ಲಿ ಗಿಡದ ನೆರಳು ಗೋಡೆಯ ಮೇಲೆ ಬಿತ್ತು. ಬಿಚ್ಚಿದ ಹೆಡೆ, ಥೇಟ್ ನಾಗಪ್ಪ. ಅತ್ತೆ ಕೂತಲ್ಲೇ ಕೈಮುಗಿದರು. ಅಲ್ಲಿಂದಾಚೆಗೆ ಜಗಳ ನಿಂತಿತು. ನಾನೂ ಕೈಮುಗಿಯುವವಳೇ ಆದ್ದರಿಂದ ಸಂತೋಷಪಟ್ಟು ಸುಮ್ಮನಾದೆ.

ತಪ್ಪಿದ್ದು ಅಲ್ಲಿಯೇ. ಮಂಡಿನೋವಿನಿಂದ ಅತ್ತೆಗೆ ಅರಳಿಕಟ್ಟೆಯ ನಾಗರಕಲ್ಲಿನವರೆಗೆ ನಡೆಯಲಾಗುತ್ತಿರಲಿಲ್ಲ. ನಾಗರಕಲ್ಲಿಗೆ ಹಾಲೆರೆಯುವುದನ್ನು ನಾವು ತನಿ ಎನ್ನುತ್ತೇವೆ. ಮನೆ ಬಾಗಿಲಿಗೇ ಬಂದ ನಾಗಪ್ಪನಿಗೆ ಅವರು ಪ್ರತಿ ಮಂಗಳವಾರ, ನಾನು ಬಟ್ಟೆ ಒಗೆಯಲು ಹಿತ್ತಿಲಿಗೆ ಹೋದ ಹೊತ್ತಿಗೆ, ಒಂದು ಲೋಟ ಹಾಲು ಎರೆಯುತ್ತಿದ್ದರು. ನಾನು ಮೂರು ದಿನ, ನಾಲ್ಕು ದಿನ ಎಂದು ಬೆರಳೆಣಿಸಿ ನೀರು ತಡೆಯುತ್ತಿದ್ದೆ. ಗಿಡಕ್ಕೆ ವಾರದ ಅಭಿಷೇಕ ನಡೆಯುತ್ತಲೇ ಇತ್ತು.

ಹುಳಿ ವಾಸನೆ ಬಂದು, ಇರುವೆ ಸಾಲುಗಟ್ಟಿದಾಗ ಮುಟ್ಟಿ ನೋಡಿದೆ. ಬುಡ ಬೇಯಿಸಿದ ಬದನೆಕಾಯಿಯಂತೆ ಮೆತ್ತಗಾಗಿತ್ತು. ಕೇಳಿದಾಗಲೇ ಅತ್ತೆ ಹಾಲಿನ ವಿಷಯ ಬಾಯಿಬಿಟ್ಟಿದ್ದು. ಫೋನಿನಲ್ಲಿ ನೂರ್‌ಜಾನಕ್ಕ ಸುತ್ತಿಬಳಸಲಿಲ್ಲ: "ಇವತ್ತೇ ಕುಯ್ಯಮ್ಮ. ಕೊಳೆತಿದ್ದು ಪೂರಾ ತೆಗ್ದು, ಮೇಲಿಂದು ಮಾತ್ರ ಇನ್ನೊಂದ್ ಕಳ್ಳಿ ಮೇಲೆ ಕೂರ್ಸು. ನಾಳೆ ಅಂದ್ರೆ ಹೋಯ್ತು."

ಬಡವನಹಳ್ಳಿಯಲ್ಲಿ ಡ್ರ್ಯಾಗನ್ ಹಣ್ಣು ಬೆಳೆದಿರುವ ನನ್ನ ತಮ್ಮ, ಬೇರು ಬಿಟ್ಟ ಒಂದು ಕಡ್ಡಿಯನ್ನು ಮಧ್ಯಾಹ್ನದ ಬಸ್ಸಿಗೇ ಕಳಿಸಿಕೊಟ್ಟ. ಅದೂ ಕಳ್ಳಿಯ ಜಾತಿಯೇ. ಎಲ್ಲ ಸಿದ್ಧವಾಯಿತು, ಕೈ ಮಾತ್ರ ಏಳಲಿಲ್ಲ. ದಿನಾ ಕೈಮುಗಿದ ಹೆಡೆಗೆ ಚಾಕು ಹಾಕುವುದು ಹೇಗೆ? ಅತ್ತೆಯಂತೂ ಮಧ್ಯಾಹ್ನ ಊಟ ಮಾಡಿರಲಿಲ್ಲ. "ನನ್ ಕೈಯಾರೆ ನಾಗಪ್ಪುನ್ನ ಕೊಳೆಸ್ಬುಟ್ನಲ್ಲ. ಈ ಪಾಪ ಯಾವ ನೀರಿಗೋದ್ರೆ ತೊಳ್ದೋಯ್ತದೆ" ಎಂದು ಗೋಡೆಗೆ ಒರಗಿ ಕೂತಿದ್ದರು. ಗಿಡ ಹೋದರೆ ನನಗೆ ಒಂದು ಗಿಡ ಹೋದಂತೆ. ಆದರೆ ಅವರು ಆ ಪಾಪವನ್ನು ಸಾಯುವತನಕ ಹೊತ್ತುಕೊಂಡಿರುತ್ತಿದ್ದರು.

ಚಾಕು ಹಿಡಿದು ಹಾಗೇ ಕೂತಿದ್ದ ನನ್ನನ್ನು ನೋಡಿ ಅತ್ತೆ ಕೊನೆಗೆ ಎದ್ದರು. ಒಂದು ಕಾಲದಲ್ಲಿ ಅವರು ಊರಿನ ಸೂಲಗಿತ್ತಿ. ನಮ್ಮ ಯಜಮಾನರ ವಾರಗೆಯವರು ಎಷ್ಟೋ ಜನ ಅವರ ಕೈಗೇ ಹುಟ್ಟಿದವರು.

"ಕೊಡಿಲ್ಲಿ. ಹೊಕ್ಕುಳಬಳ್ಳಿ ಕುಯ್ಯೋವಾಗ ನಿನ್ನಂಗೆ ಹಿಂದ್ಮುಂದೆ ನೋಡ್ತಾ ಕೂತಿದ್ರೆ ಈ ಊರಲ್ಲಿ ಒಂದ್ ಮಗಾನೂ ಉಳೀತಿರ್ನಿಲ್ಲ. ಚಾಕು ಬೆಂಕಿಗಿಡು. ದಾರ ತಗಂಬಾ."

ಅವರು ಕೊಯ್ದರು. ಕಂದು ಬಣ್ಣ ಕಂಡಲ್ಲೆಲ್ಲ ಇನ್ನೊಂದು ಬಿಲ್ಲೆ, ಮತ್ತೊಂದು ಬಿಲ್ಲೆ ತೆಗೆಯುತ್ತ ಹೋದರು. ಕೊನೆಗೆ ಎಳೆ ಸೌತೆಕಾಯಿಯಂಥ ಹಸಿರು ತಿರುಳು ಕಂಡಾಗ "ಆ, ಇಲ್ಲಿ ಜೀವ ಐತೆ" ಎಂದರು. ಅಂಗೈಯಗಲ ಹೆಡೆ ಉಳಿದಿತ್ತು. ತಲೆ ಸವರಿದ ಡ್ರ್ಯಾಗನ್ ಕಡ್ಡಿಯ ಮೇಲೆ, ತಿರುಳಿಗೆ ತಿರುಳು ಕೂಡುವಂತೆ ಕೂರಿಸಿ, ಅರಿಶಿನದ ದಾರದಿಂದ ಕಟ್ಟಿದರು. ನೂರ್‌ಜಾನಕ್ಕ ಹೇಳಿದ್ದು ರಬ್ಬರ್ ಬ್ಯಾಂಡು. ಅಷ್ಟು ಗಟ್ಟಿ ಕೈಯನ್ನು ತಿದ್ದುವ ಯೋಗ್ಯತೆ ನನಗಿರಲಿಲ್ಲ.

ಇಪ್ಪತ್ತು ದಿನ ನಾವಿಬ್ಬರೂ ಅದನ್ನು ಮುಟ್ಟಲಿಲ್ಲ. ದಾರ ಬಿಚ್ಚಿದಾಗ ಹೆಡೆ ಬೀಳಲಿಲ್ಲ. ಅಂಚಿನುದ್ದಕ್ಕೂ ಎಳೆಹಸಿರಿನ ಸಣ್ಣ ಗೆರೆಯೊಂದು ಮೂಡಿತ್ತು. ಅತ್ತೆ ಆ ದಿನ ನನ್ನ ಫೋನು ಇಸಿದುಕೊಂಡು, ಎಂದೂ ಮುಖ ನೋಡದ ನೂರ್‌ಜಾನಕ್ಕನಿಗೆ ತಾವೇ ಹೇಳಿದರು: "ನಿಮ್ ನಾಗಪ್ಪ ಚೆನ್ನಾಗವ್ನೆ ಕಣಮ್ಮ."

"ಅವ್ನಿಗೆ ಹಾಲ್ ಬ್ಯಾಡ ಅಮ್ಮಾ. ನೀವೇ ಕುಡೀರಿ, ಮಂಡಿಗೆ ಒಳ್ಳೇದು" ಎಂದರು ಆ ಕಡೆಯಿಂದ.

ಅಂದಿನಿಂದ ಮಂಗಳವಾರದ ತನಿ ನಮ್ಮ ಮನೆಯಲ್ಲಿ ನೈವೇದ್ಯದಂತೆ ನಡೆಯುತ್ತಿದೆ. ಅತ್ತೆ ಲೋಟವನ್ನು ಹೆಡೆಗೆ ತೋರಿಸಿ, ಕಣ್ಣು ಮುಚ್ಚಿ, ಆಮೇಲೆ ತಾವೇ ಕುಡಿಯುತ್ತಾರೆ. ಮಂಡಿನೋವು ತಗ್ಗಿದೆಯಂತೆ. ಹಾಲಿನಿಂದಲೋ ನಾಗಪ್ಪನಿಂದಲೋ ಎಂದು ನಾನು ವಿಚಾರಿಸಿಲ್ಲ. ಹೋದ ವಾರ ಕೋಲು ಹಿಡಿದು ಅರಳಿಕಟ್ಟೆಯವರೆಗೂ ಹೋಗಿಬಂದರು. ಅಲ್ಲಿ ಕೈತುಂಬ, ಮನಸ್ಸು ತುಂಬ ಎರೆದರಂತೆ.

"ಕಲ್ಲು ಎಷ್ಟ್ ಎರೆದ್ರೂ ತಡ್ಕಂತದೆ" ಎಂದರು, ಜಗಲಿಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತ. "ಜೀವ ಇರೋದುಕ್ಕೆ ಮಾತ್ರ ನೋಡ್ಕಂಡು ಎರೀಬೇಕು."

ಅಂದು ರಾತ್ರಿಯ ಊಟಕ್ಕೆ ಅವರು ಸಾಕು ಎಂದಾಗ, ಕೈಯಲ್ಲಿದ್ದ ಸೌಟನ್ನು ನಾನು ಹಾಗೇ ಪಾತ್ರೆಗೆ ಇಳಿಸಿದೆ.