ಬೀಗಕ್ಕೆ ಬೆಣ್ಣೆ ಉಣಿಸುತ್ತಿದ್ದ ಮನೆ

ನ್ಯಾಮತಿಯ ನಮ್ಮ ಮನೆಯಲ್ಲಿ ಕಣಜದ ಕೋಣೆ ಅಂತ ಒಂದಿದೆ. ಕಣಜ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಜೋಳದ ಚೀಲ, ಹೆಚ್ಚಿನ ಹಾಸಿಗೆ, ಹಬ್ಬಕ್ಕೆ ಮಾತ್ರ ಹೊರಗೆ ಬರುವ ಹಿತ್ತಾಳೆ ಪಾತ್ರೆ ಎಲ್ಲ ಅದರಲ್ಲೇ. ಕಿಟಕಿ ಇಲ್ಲ. ಮಾಳಿಗೆಯಲ್ಲಿ ಅಂಗೈ ಅಗಲದ ಬೆಳಕಿಂಡಿಗೆ ಗಾಜು ಕೂರಿಸಿದ್ದಾರೆ. ಕದ ಹೊನ್ನೆ ಮರದ್ದು, ನಾಲ್ಕು ಬೆರಳು ದಪ್ಪ, ಒಳಕ್ಕೆ ತೆರೆಯುವಂಥದ್ದು. ಅದರ ಒಳಮೈಗೆ ಕಬ್ಬಿಣದ ಪೆಟ್ಟಿಗೆಯಂಥ ಬೀಗ. ಕದ ಎಳೆದರೆ ಸಾಕು, ಬೀಗದ ನಾಲಿಗೆ ತಾನಾಗಿ ಹೋಗಿ ಚೌಕಟ್ಟಿನ ತೂತಿನಲ್ಲಿ ಕೂರುತ್ತದೆ. ಹೊರಗಿನಿಂದ ತೆಗೆಯಲು ಗೇಣುದ್ದದ ಬೀಗದ ಕೈ ಬೇಕು. ಒಳಗಿದ್ದವರಿಗೆ ಒಂದು ಸಣ್ಣ ಹಿಡಿ ಇದೆ, ಪಕ್ಕಕ್ಕೆ ಎಳೆದರೆ ಆಯಿತು.

ನಾನು ಚನ್ನಗಿರಿಯವಳು. ನಮ್ಮ ತವರಿನಲ್ಲಿ ಬಾಗಿಲಿಗೆ ಒಂದು ಚಿಲಕ, ರಾತ್ರಿ ಒಂದು ಅಗುಳಿ, ಅಷ್ಟೇ. ಮದುವೆಯಾಗಿ ಬಂದ ಮೊದಲ ದಸರೆಯಲ್ಲಿ ಅತ್ತೆ ನನ್ನನ್ನು ಈ ಬೀಗದ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಆಯುಧಪೂಜೆಯ ದಿನ ಕುಡುಗೋಲು, ಈಳಿಗೆ, ಬೈಕು ಎಲ್ಲ ಮುಗಿದ ಮೇಲೆ ಬೀಗದ ಸರದಿ. ಕದದ ಮೇಲೆ ಮೂರು ಬೆರಳು ವಿಭೂತಿ, ಬೀಗದ ಬಾಯಿಗೆ ಚಿಟಿಕೆ ಅರಿಶಿನ, ಚಿಟಿಕೆ ಕುಂಕುಮ, ಆಮೇಲೆ ಕಡಲೆ ಗಾತ್ರದ ಬೆಣ್ಣೆಯನ್ನು ಬೆರಳಿನಿಂದ ಒಳಕ್ಕೆ ಒತ್ತಬೇಕು. ವರ್ಷವೆಲ್ಲ ಮನೆ ಕಾಯುವುದು ಅದು, ಒಂದು ದಿನ ಅದೂ ಉಣ್ಣಲಿ ಎನ್ನುವುದು ಅತ್ತೆಯ ಮಾತು. ನನಗೆ ಅದೆಷ್ಟು ಹಿಡಿಸಿತೆಂದರೆ, ಮುಂದಿನ ವರ್ಷದಿಂದ ಅವರು ಹೇಳುವ ಮೊದಲೇ ಬೆಣ್ಣೆ ಹಿಡಿದು ನಿಂತಿರುತ್ತಿದ್ದೆ.

ಮಾರನೆಯ ದಿನ ನಾವು ಹೆಂಗಸರು ಬನ್ನಿ ಕೊಡಲು ಬೀದಿ ಬೀದಿ ಸುತ್ತಲು ಹೋದರೆ, ಮಾವ ಮಾತ್ರ ಆ ಕೋಣೆ ಸೇರಿ ಒಂದು ಗಂಟೆ ಈಚೆಗೇ ಬರುತ್ತಿರಲಿಲ್ಲ. ಅಲ್ಲಿಟ್ಟ ಹಬ್ಬದ ಕರಜಿಕಾಯಿ ಕದ್ದು ತಿನ್ನುತ್ತಾರೆ ಎಂದು ಅತ್ತೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ಮಾವ ಇಲ್ಲ ಅನ್ನುತ್ತಲೂ ಇರಲಿಲ್ಲ, ಹೌದು ಅನ್ನುತ್ತಲೂ ಇರಲಿಲ್ಲ. ಮೀಸೆ ಒರೆಸಿಕೊಂಡು ನಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಅವರ ಟ್ರಂಕು ಬಿಚ್ಚಿದಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹಳೆ ಬಟ್ಟೆ ಚೂರು, ಒಂದು ಸಣ್ಣ ಸೀಸೆ, ನಾಲ್ಕು ಕೋಳಿ ಪುಕ್ಕ. ಮೊಟ್ಟೆಯನ್ನೂ ಹೊಸ್ತಿಲ ಒಳಗೆ ಬಿಡದ ಮನೆ ನಮ್ಮದು. ಅತ್ತೆ ಆ ಪುಕ್ಕ ನೋಡಿ, ಈ ಮುದುಕ ಯಾವಾಗ ಕೋಳಿ ತಿನ್ನಲು ಕಲಿತಿದ್ದ ಎಂದು ನಕ್ಕರು, ನಗುತ್ತಲೇ ಅತ್ತರು. ನಾನು ಡಬ್ಬಿಯನ್ನು ತಿಪ್ಪೆಗೆ ಹಾಕಿ ಕೈ ತೊಳೆದುಕೊಂಡು ಬಂದೆ.

ಆಮೇಲೆ ನಾಲ್ಕು ದಸರೆ ಬಂದು ಹೋದವು. ಪ್ರತಿ ಸಲವೂ ಬೀಗಕ್ಕೆ ಉಣಿಸಿದೆವು. ಬೀಗದ ಕೈ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತ ಬಂತು. ಮಾವ ಹೋದ ಮೇಲೆ ಅದಕ್ಕೂ ಯಾಕೋ ಹೊಟ್ಟೆ ತುಂಬುತ್ತಿಲ್ಲ ಎಂದು ಅತ್ತೆ ಅಂದರೆ, ನಾನು ನಡುನಡುವೆ ಕೊಬ್ಬರಿ ಎಣ್ಣೆಯನ್ನೂ ಬಿಟ್ಟೆ. ಬಿಗಿಯಾದಷ್ಟೂ ಉಣಿಸಿದೆವು, ಉಣಿಸಿದಷ್ಟೂ ಬಿಗಿಯಾಯಿತು. ಕೊನೆಕೊನೆಗೆ ಕದವನ್ನು ಪೂರ್ತಿ ಎಳೆಯುವುದನ್ನೇ ಬಿಟ್ಟು ಅರೆ ಮುಚ್ಚಿ ಇಡುತ್ತಿದ್ದೆವು.

ಐದನೆಯ ದಸರೆ. ನವರಾತ್ರಿಯ ಎಂಟನೆಯ ದಿನದ ಬೆಳಗ್ಗೆ. ದೇವರ ಕೋಣೆಯಲ್ಲಿ ಒಂಬತ್ತು ದಿನದ ದೀಪ ಉರಿಯುತ್ತಿತ್ತು. ಅದು ನಡುವೆ ಆರಬಾರದು. ಮದುವೆಯಾಗಿ ಬಂದಂದಿನಿಂದ ಅತ್ತೆ ಅದನ್ನು ಒಂದು ವರ್ಷವೂ ಆರಲು ಬಿಟ್ಟವರಲ್ಲ. ದೀಪದ ಪೂಜೆ ಮುಗಿಯುವ ತನಕ ಬಾಯಿಗೆ ನೀರು ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಆ ದಿನ ರೂಢಿಯಂತೆ ಎದ್ದ ಕೂಡಲೇ ಮಾತ್ರೆ ನುಂಗಿಬಿಟ್ಟಿದ್ದರು. ನನ್ನ ಗಂಡ ನಮ್ಮ ಅಮ್ಮನನ್ನು ಹಬ್ಬಕ್ಕೆ ಕರೆತರಲು ಚನ್ನಗಿರಿಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ.

ನಾನು ಹೋಳಿಗೆಗೆ ಬೇಳೆ ತೊಳೆದು ಅಡುಗೆ ಮನೆಯಿಂದ ಹಿತ್ತಲಿಗೆ ಹೊರಟಿದ್ದೆ. ಕಣಜದ ಕೋಣೆಯ ಕದ ಮೊಳದಷ್ಟು ತೆರೆದಿತ್ತು. ವಾರದಿಂದ ಒಂದು ಬೆಕ್ಕು ಆ ಕೋಣೆಯ ಮೇಲೆ ಕಣ್ಣಿಟ್ಟು ತಿರುಗುತ್ತಿತ್ತು. ಒಂದು ಕೈಯಲ್ಲಿ ಬೇಳೆಯ ಪಾತ್ರೆ, ಇನ್ನೊಂದು ಕೈಯಲ್ಲಿ ಕದದ ಬಳೆ ಹಿಡಿದು ಎಳೆದೆ. ಟಕ್ ಎಂದು ನಾಲಿಗೆ ಬಿತ್ತು. ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೂಗಲಿಲ್ಲ. ಅತ್ತೆ ಜೋಳದ ಚೀಲದ ಹಿಂದೆ ಬಗ್ಗಿ ಹಿತ್ತಾಳೆ ಕೊಡ ತೆಗೆಯುತ್ತಿದ್ದರು.

ಅವರು ಒಳಗಿನಿಂದ ಕದ ತಟ್ಟಿ, ಯಾರು ಎಳೆದದ್ದು ಎಂದು ಕೇಳಿದರು. ಗಾಳಿಗೆ ಬಿದ್ದಿರಬೇಕು ಅತ್ತೆ ಎಂದೆ. ಯಾಕೆ ಹಾಗಂದೆನೋ, ಬಾಯಿಗೆ ಬಂದುಬಿಟ್ಟಿತು.

ಒಳಗಿನ ಹಿಡಿ ಜಗ್ಗಲಿಲ್ಲ. ನಾನು ಬೀಗದ ಕೈ ತಂದು ಹಾಕಿದೆ. ಅರ್ಧಕ್ಕೆ ತಿರುಗಿ ನಿಂತುಬಿಟ್ಟಿತು. ಸೀರೆ ಸೆರಗು ಸುತ್ತಿ ತಿರುವಿದೆ, ಎರಡು ಕೈ ಹಾಕಿ ತಿರುವಿದೆ. ಅತ್ತೆಗೆ ಮೊದಲಿಗೆ ತಮಾಷೆ.

"ಬಿಡವ್ವ, ಒಳಗೇ ಹಬ್ಬ ಮಾಡ್ಕಂತೀನಿ. ಹೋಳಿಗಿ ಬೆಳಕಿಂಡ್ಯಾಗೆ ಇಳಿಬಿಡು."

ಸ್ವಲ್ಪ ಹೊತ್ತಿಗೆ ಬೆವರುತ್ತಿದೆ ಅಂದರು. ಆಮೇಲೆ ಕೊಡ ಎಲ್ಲಿಡಲಿ ಎಂದು ಕೇಳಿದರು. ಹೇಳಿದೆ. ಮತ್ತೆ ಅದನ್ನೇ ಕೇಳಿದರು. ನನಗೆ ಆಗ ಹೊಳೆಯಿತು, ಮಾತ್ರೆ ನುಂಗಿದ್ದಾರೆ, ಹೊಟ್ಟೆ ಖಾಲಿ. ಅತ್ತೆ, ಮೂಲೆಯಲ್ಲಿ ಬೆಲ್ಲದ ಡಬ್ಬ ಇದೆ, ಒಂದು ಚೂರು ಬಾಯಿಗೆ ಹಾಕಿಕೊಳ್ಳಿ ಎಂದು ಕೂಗಿದೆ. ಕೂಗಿದ ಮೇಲೆ ನೆನಪಾಯಿತು. ಹೋಳಿಗೆಗೆಂದು ಬೆಲ್ಲದ ಡಬ್ಬವನ್ನು ಹಿಂದಿನ ದಿನ ಹೊರಗೆ ತಂದವಳು ನಾನೇ. ಕರಜಿಕಾಯಿ ಇನ್ನೂ ಕರಿದಿರಲಿಲ್ಲ. ಒಳಗೆ ಇದ್ದದ್ದು ಹಸಿ ಜೋಳ, ಒಣ ಮೆಣಸಿನಕಾಯಿ.

ಕದಕ್ಕೂ ಹೊಸ್ತಿಲಿಗೂ ನಡುವೆ ಉಗುರು ತೂರುವಷ್ಟು ಸಂದು. ಗೋಡೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಮೇಲೆ ಸಕ್ಕರೆ ಹರಡಿ ಒಳಕ್ಕೆ ತಳ್ಳಿದೆ. ನೆಕ್ಕಿರಿ ಅತ್ತೆ, ಕೆಳಗೆ ನೋಡಿ ಎಂದು ಬೇಡಿಕೊಂಡೆ. ಅವರು ನನ್ನನ್ನು ಅವ್ವಾ ಎಂದು ಕರೆದರು. ನೀರು ಕೊಡು ಅವ್ವಾ ಎಂದರು. ಆ ದನಿ ನನ್ನ ಅತ್ತೆಯದಾಗಿರಲಿಲ್ಲ, ಯಾವುದೋ ಸಣ್ಣ ಹುಡುಗಿಯದು. ಆಮೇಲೆ ಕದಕ್ಕೆ ಏನೋ ಭಾರವಾದದ್ದು ಬಡಿದು ಕೆಳಕ್ಕೆ ಜಾರಿತು. ಹಾಳೆ ಎಳೆದು ನೋಡಿದೆ, ಸಕ್ಕರೆ ಹಾಗೆಯೇ ಇತ್ತು.

ನಾನು ಕೂಗಿದ್ದು ಕೇಳಿ ಎದುರು ಮನೆಯವರು ಕೊಡಲಿ ಹಿಡಿದೇ ಬಂದರು. ನನ್ನ ಗಂಡನ ಓರಗೆಯವರು, ಎತ್ತರದ ಆಳು. ಕೊಡಲಿ ಎತ್ತಿದವರು ಹಾಗೇ ಇಳಿಸಿದರು. ಹೊಸ್ತಿಲ ಸಂದಿನಲ್ಲಿ ಅತ್ತೆಯ ಸೀರೆಯ ಅಂಚು ಹೊರಗೆ ಬಂದಿತ್ತು.

"ಕದಕ್ಕೇ ಒರಗಿ ಬಿದ್ದವ್ರೆ ಅತ್ಗೆ. ಹೊಡೆದ್ರೆ ಅವ್ರಿಗೇ ಬೀಳ್ತೈತೆ."

ಆಂಬುಲೆನ್ಸಿಗೆ ಫೋನು ಮಾಡಿ ಆಗಿತ್ತು. ಅದು ಬಂದರೂ ಬಂದು ನಿಲ್ಲುವುದು ಕದದ ಈಚೆಗೇ. ಗಂಡನಿಗೆ ಹೇಳಿದೆ. ಅವರು ಬಸ್ಸಿನಲ್ಲಿದ್ದರು. ಅಪ್ಪ ಈ ಬೀಗಕ್ಕೆ ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ ಕೂರುತ್ತಿದ್ದ ಬೀಗ ರಿಪೇರಿಯ ಒಬ್ಬ ಸಾಹೇಬರ ಬಳಿ ಹೋಗುತ್ತಿದ್ದರು ಎಂಬುದು ಅವರಿಗೆ ನೆನಪಿತ್ತು. ಅಲ್ಲಿ ಇಲ್ಲಿ ವಿಚಾರಿಸಿದರೆ ಆ ಸಾಹೇಬರು ಅಂಗಡಿ ಬಿಟ್ಟು ಜಗಳೂರಿನ ಮಗಳ ಮನೆ ಸೇರಿದ್ದಾರೆ ಎಂದು ತಿಳಿಯಿತಂತೆ. ನಂಬರು ಬಂತು. ಜಗಳೂರೆಲ್ಲಿ, ನ್ಯಾಮತಿಯೆಲ್ಲಿ. ಆದರೂ ಮಾಡಿದೆ. ಒಂದು ಮುದಿ ದನಿ ಎತ್ತಿಕೊಂಡಿತು. ನಾನು ಹೇಳಿದ್ದರಲ್ಲಿ ಅವರಿಗೆ ಏನು ತಿಳಿಯಿತೋ, ಮನೆಯ ಗುರುತು ಮಾತ್ರ ತಕ್ಷಣ ಹತ್ತಿತು. ಅಳಬೇಡಿ ತಾಯಿ, ಫೋನನ್ನು ಬೀಗಕ್ಕೆ ಹಿಡಿದು ಕೈಯನ್ನು ಮೆಲ್ಲಗೆ ತಿರುವಿ ಎಂದರು. ತಿರುವಿದೆ. ಮತ್ತೊಮ್ಮೆ ಎಂದರು. ಮತ್ತೊಮ್ಮೆ ತಿರುವಿದೆ.

"ಮುರಿದಿಲ್ಲಮ್ಮ. ಒಳಗೆ ಮೂರು ತಗಡು ಅವೆ, ಒಂದಕ್ಕೊಂದು ಅಂಟ್ಕಂಡವೆ. ಹಬ್ಬದ್ದು ತೊಳೆದು ಎಷ್ಟು ವರ್ಷ ಆತು?"

ತೊಳೆಯುವುದೆಂದರೆ ಏನು ಎಂದು ಕೇಳಿದೆ.

"ನಿಮ್ಮ ಮಾವನೋರು ಹೇಳಿಲ್ವೇನ್ರಿ? ಬನ್ನಿ ದಿನ ಸೀಮೆಎಣ್ಣೆ ಹಾಕಿ ಪುಕ್ಕದಾಗೆ ತೊಳೀತಿದ್ರು. ಪುಕ್ಕ ನಾನೇ ಕೊಟ್ಟಿದ್ದು. ಹೆಣ್ಮಕ್ಕಳು ಪ್ರೀತಿಲೆ ಉಣಿಸ್ತಾರೆ ಸಾಬ್ರೆ, ಬ್ಯಾಡ ಅನ್ನಾಕೆ ಮನಸು ಬರಲ್ಲ, ಅವ್ರು ಆ ಕಡಿಗೆ ಹೋದ್ಮ್ಯಾಲೆ ತೊಳೀತೀನಿ ಅಂತಿದ್ರು."

ಕದದ ಮೇಲೆ ಹಣೆ ಇಟ್ಟು ನಿಂತೆ. ಬೈಸಿಕೊಂಡರೂ ನಗುತ್ತಿದ್ದ ಆ ಮೀಸೆ ಕಣ್ಣ ಮುಂದೆ ಬಂತು. ಕರಜಿಕಾಯಿಯಂತೆ, ಕರಜಿಕಾಯಿ.

ಸೀಮೆಎಣ್ಣೆ ನ್ಯಾಮತಿಯಲ್ಲಿ ಈಗ ಎಲ್ಲಿದೆ? ರೇಷನ್ನಿನಲ್ಲಿ ಕೊಡುವುದು ನಿಂತು ವರ್ಷಗಳೇ ಆದವು. ಹಾಗಾದರೆ ಬೈಕಿನ ಪೆಟ್ರೋಲು ಆಗುತ್ತದೆ, ಆದರೆ ಅಕ್ಕಪಕ್ಕ ಬೆಂಕಿ ಇರಬಾರದು ಎಂದರು ಸಾಹೇಬರು. ದೇವರ ಕೋಣೆ ಅಂದರೆ ಆ ಕದದಿಂದ ನಾಲ್ಕು ಹೆಜ್ಜೆ. ಎಂಟು ದಿನದಿಂದ ಉರಿಯುತ್ತಿದ್ದ ದೀಪದ ಮುಂದೆ ಹೋಗಿ ನಿಂತೆ. ಹೂವಿನಿಂದ ಬತ್ತಿಯನ್ನು ಎಣ್ಣೆಗೆ ಅದ್ದಿ ಶಾಂತ ಮಾಡಿದೆ. ಆ ಹೊಗೆ ಮೂಗಿಗೆ ಬಂದಾಗ, ಈಗ ಅತ್ತೆಗೆ ಏನಾದರೂ ಆದರೆ ದೀಪವೂ ನನ್ನ ಕೈಯಿಂದಲೇ, ಕದವೂ ನನ್ನ ಕೈಯಿಂದಲೇ ಎನಿಸಿತು.

ಎದುರು ಮನೆಯವರು ಸ್ಟೀಲಿನ ಬಟ್ಟಲಲ್ಲಿ ಪೆಟ್ರೋಲು, ಹಿಂದಿನ ಬೀದಿಯಿಂದ ಎರಡು ಪುಕ್ಕ ತಂದರು. ಪುಕ್ಕ ಅದ್ದಿ ಬೀಗದ ಬಾಯಿಗೆ ಬಿಟ್ಟೆ. ಹೊರಗೆ ಬಂದದ್ದು ಕಪ್ಪು ಕೆಂಪು ರಾಡಿ, ಮುಗ್ಗಿದ ಬೆಣ್ಣೆಯ ವಾಸನೆ, ಅದರೊಳಗೆ ಅರಿಶಿನದ್ದು. ಬೀಗದ ಕೈ ಹಾಕು, ತೆಗೆ, ಒರೆಸು, ಮತ್ತೆ ಪುಕ್ಕ. ಜೋರು ಮಾಡಬ್ಯಾಡ್ರಿ, ಕೈ ಮುರಿದರೆ ಅರ್ಧ ಒಳಗೇ ಕೂರುತ್ತದೆ ಎಂದು ಸಾಹೇಬರು ಹೇಳುತ್ತಲೇ ಇದ್ದರು. ನನ್ನ ಕಣ್ಣು ಸೀರೆಯ ಅಂಚಿನ ಮೇಲೆ. ಅದು ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ.

ಏಳೆಂಟು ಸಲವಾದ ಮೇಲೆ ಸದ್ದು ಬದಲಾಯಿತು. ನನಗೆ ತಿಳಿಯಲಿಲ್ಲ, ಜಗಳೂರಿನಲ್ಲಿ ಕೂತವರಿಗೆ ತಿಳಿಯಿತು. ತಗಡು ಬಿಟ್ಟವು ಎಂದರು. ಆದರೂ ಕೈ ಪೂರ್ತಿ ತಿರುಗಲಿಲ್ಲ. ಹಳೆ ಕದ ತನ್ನ ಭಾರಕ್ಕೆ ಇಳಿದಿರುತ್ತದೆ, ನಾಲಿಗೆ ಚೌಕಟ್ಟಿನ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ, ಕೆಳಗೆ ಹಾರೆ ಕೊಟ್ಟು ಒಂದು ಎಳೆಯಷ್ಟು ಎತ್ತಿಸಿ ಎಂದರು. ಎದುರು ಮನೆಯವರು ಸೀರೆಯ ಅಂಚನ್ನು ಮೆಲ್ಲಗೆ ಒಳಕ್ಕೆ ಸರಿಸಿ, ಹಾರೆಯ ತುದಿಯನ್ನು ಸಂದಿಗೆ ಹೂಡಿ ಎತ್ತಿದರು. ಅವರ ಕತ್ತಿನ ನರ ಉಬ್ಬಿದ್ದು ನೋಡುತ್ತ ನಾನು ತಿರುವಿದೆ. ನಾಲಿಗೆ ಹಿಂದಕ್ಕೆ ಸರಿಯಿತು.

ಕದ ನಾಲ್ಕು ಬೆರಳು ತೆರೆದು ಅತ್ತೆಯ ಮೈಗೆ ತಾಗಿ ನಿಂತಿತು. ಅಷ್ಟು ಸಾಕಾಯಿತು. ಬೆಲ್ಲವನ್ನು ನೀರಿನಲ್ಲಿ ಕಲಸಿ, ಕೈ ಒಳಗೆ ತೂರಿಸಿ ತಡಕಿದೆ. ಹೆರಳು ಸಿಕ್ಕಿತು, ಕಿವಿ ಸಿಕ್ಕಿತು, ಬಾಯಿ ಸಿಕ್ಕಿತು. ಕೆನ್ನೆ ತಣ್ಣಗಿತ್ತು. ಒಸಡಿಗೆ ಬೆಲ್ಲ ಸವರಿದೆ. ಮತ್ತೆ ಸವರಿದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಹೊಸ್ತಿಲಿಗೆ ಕೆನ್ನೆ ಒತ್ತಿ ಮಲಗಿದ್ದೆ. ಫೋನಿನಲ್ಲಿ ಸಾಹೇಬರು ಏನೋ ಪ್ರಾರ್ಥನೆ ಹೇಳುತ್ತಿದ್ದರು. ಆಮೇಲೆ ಅತ್ತೆ ನನ್ನ ಬೆರಳು ಕಚ್ಚಿದರು.

ಹೊನ್ನಾಳಿಯ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಬದುಕಿ ಬಂದರು. ಆದರೆ ಮೊದಲಿನಷ್ಟು ಚುರುಕಿಲ್ಲ. ನಡುವೆ ಮಾತು ಮರೆಯುತ್ತಾರೆ, ಹಾಲು ಉಕ್ಕುವುದನ್ನು ನೋಡುತ್ತ ನಿಂತಿರುತ್ತಾರೆ. ಬಂದವರೆಲ್ಲ ಗಾಳಿಯನ್ನು ಬೈದರು. ನನ್ನ ಗಂಡನೂ ಬೈದರು. ನಾನು ಬಂದವರಿಗೆಲ್ಲ ಚಹಾ ಕೊಡುತ್ತಿದ್ದೆ.

ಸುಮಾರು ಒಂದು ತಿಂಗಳಾದ ಮೇಲೆ, ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಅತ್ತೆಯೇ ಮಾತು ತೆಗೆದರು.

"ಕಿಟಕಿ ಇಲ್ದ ಕೋಣೆಗೆ ಗಾಳಿ ಎಲ್ಲಿಂದ ಬರ್ಬೇಕವ್ವ? ನಿನ್ನ ಕೈಬಳೆ ಸದ್ದು ಆವಾಗ್ಲೇ ಕೇಳಿತ್ತು."

ನನ್ನ ಕೈ ಅವರ ನೆತ್ತಿಯ ಮೇಲೆ ನಿಂತಿತು. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವರು ತಿರುಗಿಯೂ ನೋಡಲಿಲ್ಲ.

"ಹೇಳಿದ್ರೆ ನಿನ್ ಕೈ ನಡುಗ್ತಿದ್ವು. ಬೀಗ ತೆಗೆಯಾಕೆ ಆ ಕೈನೇ ಬೇಕಿತ್ತಲ್ಲ. ಹಚ್ಚು, ಎಣ್ಣಿ ಸೋರ್ತೈತೆ."

ಈ ವರ್ಷವೂ ಅವರು ಬೀಗಕ್ಕೆ ಬೆಣ್ಣೆ ಉಣಿಸಿದರು. ನಾನು ಬೇಡ ಅನ್ನಲಿಲ್ಲ. ಬನ್ನಿ ಕೊಡಲು ಹೋಗುವಾಗ, ನೀನು ಆಮೇಲೆ ಬಾ ಎಂದು ನನ್ನ ಮುಖ ನೋಡದೆ ಹೇಳಿ ಹೊರಟರು. ನಾನು ಕೋಣೆ ಸೇರಿ ಸೀಮೆಎಣ್ಣೆಯ ಬದಲಿಗೆ ಡೀಸೆಲ್ಲು, ಪುಕ್ಕ ಹಿಡಿದು ಕೂತೆ. ಬಂದವರ ಮುಂದೆ ಅತ್ತೆ, ಸೊಸೆ ಕರಜಿಕಾಯಿ ಕದಿಯಲು ಕಲಿತಿದ್ದಾಳೆ ಎಂದರು.

ಆ ಕದ ಎಳೆಯುವ ಮುಂಚೆ ನಾನೀಗ ತಲೆ ಒಳಗೆ ಹಾಕಿ, ಒಳಗೆ ಯಾರಿದ್ದೀರಿ ಎಂದು ಕೂಗುತ್ತೇನೆ. ಪಡಸಾಲೆಯಿಂದ ಅತ್ತೆ, ಯಾರೂ ಇಲ್ಲ, ಎಳಿ ಎನ್ನುತ್ತಾರೆ. ಕೆಲವು ದಿನ ಅವರಿಗೆ ಕೇಳಿಸುವುದಿಲ್ಲ, ಅಥವಾ ಕೇಳಿಸಿದ್ದು ಮರೆತುಹೋಗುತ್ತದೆ. ಉತ್ತರ ಬರದ ದಿನ ನಾನು ಒಳಗೆ ಹೋಗಿ ಚೀಲದ ಹಿಂದೆ ಕೈಯಾಡಿಸಿ ನೋಡಿ ಬರುತ್ತೇನೆ.