ನಾನು ಕಿತ್ತ ವಾಲ್ವ್

ಮಾರುತಿ, ಆ ದಿನ ಲಿವರ್ ಎಳೆದವನು ನೀನಲ್ಲ. ಯಾರೂ ಎಳೆದಿರಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು — ಭಾಲ್ಕಿಯ ಬೇಳೆ ಮಿಲ್ಲಿನ ಅಂಗಳದಲ್ಲಿ ಶರಣಮ್ಮನ ಅಣ್ಣಂದಿರು ನಿನ್ನನ್ನು ಕೆಡವಿ ಒದೆಯುತ್ತಿದ್ದಾಗಲೂ ಗೊತ್ತಿತ್ತು. ಬಾಗಿಲಲ್ಲಿ ನಿಂತು ನೋಡಿದೆ. ಬಾಯಿ ಬಿಡಲಿಲ್ಲ.

ಗಾಳಿಯ ಒತ್ತಡದಿಂದ ನಡೆಯುವ ಯಂತ್ರಕ್ಕೆ ಯಾವ ಸಿಲಿಂಡರ್, ಯಾವ ವಾಲ್ವ್ ಎಂದು ಆರಿಸುವುದೇ ನನ್ನ ಕಸುಬು. ಬೀದರಿನಿಂದ ಬಂದು ಆ ಚೀಲ ಮುಚ್ಚುವ ಯಂತ್ರ ಕೂಡಿಸಿದವನು ನಾನು. ನೀನು ಲಿವರ್ ಎಳೆದರೆ ಎರಡು ಕಬ್ಬಿಣದ ದವಡೆಗಳು ಎದುರುಬದುರು ಬಂದು ಚೀಲದ ಬಾಯಿ ಕಚ್ಚುತ್ತಿದ್ದವು. ಕರೆಂಟ್ ಹೋದೊಡನೆ ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡುವ ವಾಲ್ವ್ ಒಂದನ್ನು ಮೊದಲು ಹಾಕಿದ್ದೆ. ಯಂತ್ರ ನಡೆಸುವ ನಿನ್ನನ್ನೂ ಚೀಲ ಹಿಡಿಯುವ ಶರಣಮ್ಮನನ್ನೂ ಎದುರು ನಿಲ್ಲಿಸಿಕೊಂಡು, ದೊಡ್ಡ ಪಂಡಿತನ ಹಾಗೆ ಹೇಳಿದ್ದೂ ನಾನೇ.

"ಕರೆಂಟ್ ಹೋತಂದ್ರ ಮಷೀನು ಸತ್ತಂಗ. ಆಮ್ಯಾಲ ಬೇಕಾದ್ರ ಕೈ ಹಾಕ್ರಿ."

ಮಾಲೀಕರಿಗೆ ಆ ವಾಲ್ವ್ ಕಂಡರೆ ಆಗುತ್ತಿರಲಿಲ್ಲ. "ಕರೆಂಟ್ ಹೋದಾಗೊಮ್ಮಿ ಗಾಳಿ ಪೂರಾ ಖಾಲಿ, ಮತ್ತ ತುಂಬೋತನಕ ಕೆಲಸ ಬಂದ್. ಇದೆಂಥಾ ಮಷೀನ್ ಕೊಟ್ಟೀರಿ?" ಎಂದು ಎಲ್ಲರೆದುರು ಬೈದರು. ನನಗೆ ರೇಗಿತು, ಅವಮಾನವೂ ಆಯಿತು. ಕಿತ್ತೆಸೆದೆ. ಕಿತ್ತದ್ದನ್ನು ನಿನಗೂ ಶರಣಮ್ಮನಿಗೂ ಹೇಳಬೇಕು ಎಂದು ಒಂದು ಕ್ಷಣ ಅನಿಸಿತ್ತು... ಹೇಳದೆ ಬಸ್ಸು ಹತ್ತಿದೆ.

ಮುಂದೆ ನಡೆದದ್ದು ನಿನಗೇ ಗೊತ್ತು. ಸೊಟ್ಟ ಚೀಲವೊಂದು ದವಡೆಯ ನಡುವೆ ಸಿಕ್ಕಿಬಿತ್ತು, ಅದೇ ಹೊತ್ತಿಗೆ ಕರೆಂಟ್ ಹೋಯಿತು. ಯಂತ್ರ ಸತ್ತಿದೆ ಎಂದು ನಂಬಿ ಶರಣಮ್ಮ ಕೈ ಹಾಕಿ ಚೀಲ ಜಗ್ಗಿದಳು. ಚೀಲ ಜಾರಿತು — ಹೊರಹೋಗದೆ ಸಿಲಿಂಡರಿನಲ್ಲೇ ಉಳಿದಿದ್ದ ಗಾಳಿ ದವಡೆಯನ್ನು ಫಟ್ಟನೆ ನೂಕಿತು. ಬಲಗೈ ಮಣಿಕಟ್ಟಿನವರೆಗೂ ಜಜ್ಜಿಹೋಯಿತು. ಬೇಳೆಯ ಮೇಲೆಲ್ಲ ರಕ್ತ. ದವಡೆ ಬಿಡಿಸಲು ನೀನು ಹಾರೆ ಹಾಕಿ ಮೀಟುತ್ತ ಅಳುತ್ತಿದ್ದೆಯಂತೆ.

ಮಾಲೀಕರು ಕರೆಸಿದ್ದಕ್ಕೆ ಮರುದಿನ ನಾನು ಮತ್ತೆ ಮಿಲ್ಲಿಗೆ ಬಂದೆ. ಸಂತಪುರದಿಂದ ಬಂದಿದ್ದ ಅವಳ ದೊಡ್ಡಣ್ಣ ನನ್ನನ್ನು ಕೇಳಿದ: "ಕರೆಂಟ್ ಇಲ್ಲದ ಮಷೀನು ಹ್ಯಾಂಗ ಮುಚ್ಚಿತ್ರಿ ಸಾಹೇಬ್ರ?"

"ಮಾರುತಿ ಲಿವರ್ ಎಳದಿರಬೇಕು," ಎಂದೆ.

ಅಷ್ಟೇ ಮಾತು. ಥೂ! ಎಷ್ಟು ಸಲೀಸಾಗಿ ಬಂತು ಅದು ನನ್ನ ಬಾಯಿಂದ.

"ನಾ ಅಲ್ಲರೀ, ನಮ್ಮವ್ವನಾಣಿ ನಾ ಅಲ್ಲರೀ," ಎಂದು ನೀನು ಕೈ ಮುಗಿಯುತ್ತಿದ್ದೆ. ಮುಗಿದ ಕೈಗಳ ಮೇಲೇ ಬಡಿಗೆಯ ಏಟು ಬಿತ್ತು. ಆಮೇಲೆ ಮುಖಕ್ಕೆ, ಕಿವಿಗೆ, ಹೊಟ್ಟೆಗೆ. ನಿನ್ನ ಎಡಗಿವಿ ಅಂದೇ ಹೋಯಿತು. ಮಿಲ್ಲಿನಿಂದ ಓಡಿಸಿದರು; ಮನ್ನಳ್ಳಿಯಲ್ಲಿ, ನಿನ್ನ ಸ್ವಂತ ಊರಿನಲ್ಲಿ, 'ಕೈ ತಿಂದವ' ಎಂದು ಕರೆದರು. ನೀನು ಊರು ಬಿಟ್ಟು ಔರಾದಿಗೆ ಹೋದೆ. ನಾನು ಬೇರೆ ಬೇರೆ ಮಿಲ್ಲುಗಳಿಗೆ ವಾಲ್ವ್ ಆರಿಸುತ್ತಲೇ ಇದ್ದೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದರೆ — ಹೆದರಿದ್ದೆ. ನಿನಗೆ ಬಿದ್ದದ್ದು ನನಗೂ ಬೀಳುತ್ತದೆ ಎಂದು ಹೆದರಿದ್ದೆ.

ನಿನ್ನೆ ಸಂತಪುರಕ್ಕೆ ಹೋಗಿ ಅವರ ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ವಾಲ್ವ್ ಕಿತ್ತದ್ದು, ಸುಳ್ಳು ಹೇಳಿದ್ದು, ಎಲ್ಲ. ಕಿರಿಯ ಅಣ್ಣ ಎದ್ದು ನನ್ನ ಕೊರಳಪಟ್ಟಿ ಹಿಡಿದ. ಹೊಡೆಯಲಿ ಎಂದು ಕಣ್ಣು ಮುಚ್ಚಿದೆ.

"ಬಿಡೋ, ಸಾಹೇಬ್ರ ಮ್ಯಾಲ ಕೈ ಮಾಡ್ತಾರೇನು?" ಎಂದ ದೊಡ್ಡಣ್ಣ. ಆಮೇಲೆ ಕುರ್ಚಿ ಎಳೆದು ಹಾಕಿದ. "ಕೂಡ್ರಿ."

ನೀನು 'ಅಲ್ಲ' ಎಂದು ಅರಚಿದರೂ ಒಬ್ಬರೂ ಕೇಳಲಿಲ್ಲ. ನಾನು 'ನಾನೇ' ಎಂದೆ, ನನಗೆ ಕುರ್ಚಿ ಕೊಟ್ಟರು. ಶರಣಮ್ಮ ಎಡಗೈಯಲ್ಲಿ ಕಪ್ಪು ಹಿಡಿದು ಚಹಾ ತಂದಳು.

ಕುಡಿದು ಬಂದೆ, ಮಾರುತಿ.