ಲಾಭ ಸಾವಿರದೊಂದು

ಹಿತ್ತಲ ಬಿಸಿಲಿನಲ್ಲಿ ಸಂಡಿಗೆ ಇಡುತ್ತಿದ್ದೆ. ಯಜಮಾನರು ಬಾಗಿಲಿಗೆ ಬಂದು, "ಸೇಲ್ಸ್‌ಟ್ಯಾಕ್ಸ್ ಇನ್‌ಸ್ಪೆಕ್ಟರು ಬಂದವ್ರೆ ಕಣೆ. ನಿನ್ನೂ ಕರೀತಾವ್ರೆ" ಎಂದರು. ಮುಖ ಬಿಳಿಚಿಕೊಂಡಿತ್ತು.

ಒಂಟಿಕೊಪ್ಪಲಿನ ನಮ್ಮ ಮನೆಯ ಮುಂದಿನ ಕೋಣೆಯೇ ಹಿತ್ತಾಳೆ ಪಾತ್ರೆಯ ಅಂಗಡಿ. ಆಯುಧಪೂಜೆಯ ದಿನ ಹೊಸ ಲೆಕ್ಕದ ಪುಸ್ತಕವನ್ನು ದೇವರ ಮುಂದಿಟ್ಟು, ಮೊದಲ ಸಾಲನ್ನು ಮನೆಯ ಹೆಂಗಸು ಬರೆಯುವುದು ನಮ್ಮಲ್ಲಿ ಪದ್ಧತಿ. ಅತ್ತೆ ತೀರಿಕೊಂಡಿದ್ದರಿಂದ ಆ ವರ್ಷ ನಾನು ಬರೆದಿದ್ದೆ: 'ಶ್ರೀ ಚಾಮುಂಡಿ ಪ್ರಸನ್ನ. ಲಾಭ ೧೦೦೧.' ಅದು ತಾಯಿಯಲ್ಲಿ ಬೇಡಿದ್ದು. ಅಷ್ಟು ದುಡ್ಡನ್ನು ನಾವು ಒಟ್ಟಿಗೆ ಕಂಡವರೇ ಅಲ್ಲ.

ಹೊಸದಾಗಿ ವರ್ಗವಾಗಿ ಬಂದಿದ್ದ ಇನ್‌ಸ್ಪೆಕ್ಟರ್ ಗಿರಾಕಿಗಳ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆ ಸಾಲಿನ ಮೇಲೆ ಪೆನ್ಸಿಲ್ ಊರಿದ.

"ಇದು ನಿಮ್ಮ ಯಜಮಾನರ ಅಕ್ಷರ ಅಲ್ಲ. ಲಾಭವೇ ಸಾವಿರದೊಂದು ಅಂದ್ರೆ ಮಾರಿದ್ದೆಷ್ಟಮ್ಮ? ಆ ಬಿಲ್ಲೆಲ್ಲ ಎಲ್ಲಿ?"

"ದೇವ್ರನ್ನ ಕೇಳ್ಕೊಂಡಿದ್ದು ಸ್ವಾಮಿ, ಬಂದಿದ್ದಲ್ಲ."

"ದೇವ್ರ ಹೆಸರಲ್ಲಿ ಮಾರಿದ್ರೂ ಟ್ಯಾಕ್ಸ್ ಉಂಟು. ಪುಸ್ತಕ ಸುಳ್ಳು ಅಂತ ಬರೆದ್ಬುಡ್ತೀನಿ. ಆಮೇಲೆ ಆಫೀಸಿನವರ ಅಂದಾಜೇ ಲೆಕ್ಕ."

ಹಾಗೆ ಅಂದಾಜು ಹಾಕಿಸಿಕೊಂಡ ಹಿಂದಿನ ಬೀದಿಯ ಬಟ್ಟೆ ಅಂಗಡಿ ಮತ್ತೆ ಬಾಗಿಲು ತೆಗೆದಿರಲಿಲ್ಲ. ನಮ್ಮದೂ ಹೋದರೆ ಊಟಕ್ಕೆ ಬೇರೆ ದಾರಿಯಿಲ್ಲ.

ಇನ್‌ಕಮ್‌ಟ್ಯಾಕ್ಸಿನವರ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವರು ಖರ್ಚು ಕಳೆದು ಉಳಿದದ್ದೇನು ಎಂದಾದರೂ ಕೇಳುತ್ತಾರೆ. ನಮಗೆ ಉಳಿಯುತ್ತಿದ್ದ ಪುಡಿಗಾಸಿಗೆ ಅವರು ಈ ಬೀದಿಗೇ ಬಂದವರಲ್ಲ. ಈ ಸೇಲ್ಸ್‌ಟ್ಯಾಕ್ಸಿನವರಿಗೆ ಮಾರಿದ್ದಷ್ಟೇ ಬೇಕು. ಸೊಟ್ಟಗಾದ ಚೊಂಬನ್ನು ನಷ್ಟಕ್ಕೆ ಕೊಟ್ಟರೂ ಅದರಲ್ಲಿ ಇವರ ಪಾಲಿದೆ, ಅದಕ್ಕೇ ಮನೆಬಾಗಿಲಲ್ಲಿ ಕೂತು ಹೆಂಗಸರ ಅಕ್ಷರ ಪರೀಕ್ಷೆ ಮಾಡುತ್ತಾರೆ.

ಅಟ್ಟ ಹತ್ತಿ ಹಳೆಯ ಪುಸ್ತಕಗಳನ್ನೆಲ್ಲ ತಂದು ಅವನ ಮುಂದೆ ಹಾಕಿದೆ. ಪ್ರತಿಯೊಂದರ ಮೊದಲ ಸಾಲಿನಲ್ಲೂ ಅತ್ತೆಯ ಗುಂಡಗಿನ ಅಕ್ಷರ, ಅದೇ ಸಾವಿರದೊಂದು.

"ವರ್ಷಾ ವರ್ಷಾ ಇಷ್ಟು ಬಂದಿದ್ರೆ, ನೀವು ಕೂತಿರೋ ಬೆಂಚಿಗೆ ಕಾಲಿನ ಬದಲು ಇಟ್ಟಿಗೆ ಇರ್ತಿತ್ತಾ ಸ್ವಾಮಿ?"

ಅವನು ಬಗ್ಗಿ ಇಟ್ಟಿಗೆ ನೋಡಿದ. ನಗಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ತಿರುವಿಹಾಕಿ, ಕೊನೆಗೆ ಕೆಂಪು ಶಾಯಿಯಲ್ಲಿ ನನ್ನ ಸಾಲನ್ನು ಹೊಡೆದುಹಾಕಿದ, ತಾಯಿಯ ಹೆಸರೂ ಸೇರಿ. ಪಕ್ಕದಲ್ಲಿ ರುಜು ಹಾಕಿ, "ಇನ್ಮೇಲೆ ಇಂಥದ್ದೆಲ್ಲ ಗೋಡೆ ಮೇಲೆ ಬರ್ಕೊಳ್ಳಿ" ಎಂದು ಎದ್ದುಹೋದ.

ಅಂಗಡಿ ಉಳಿಯಿತು. ಅದಕ್ಕೆ ತಾಯಿಗೆ ಕೈಮುಗಿದೆ. ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

"ಹೋಗ್ಲಿ ಬುಡು" ಎಂದರು ಯಜಮಾನರು. ನಾನು ಹುಳಿಗೆ ಬೇಳೆ ತೊಳೆಯಲು ಒಳಗೆ ಹೋದೆ.